ಕೋವಿಡ್ ಬಿಟ್ಟು ಹೋದ ಸುಸ್ತಿಗೆ ಸಿಂಗಪುರದಲ್ಲಿ ಸೂಜಿ, ಚೀನಾ ಪುಡಿ: 12 ಸಲ ಹೋಗಿ ಬಂದ ಮೇಲೆ

ಮೊದಲೇ ಹೇಳಿಬಿಡ್ತೀನಿ. ಸೂಜಿ ಅಂದ್ರೆ ಇಲ್ಲಿ ಇಂಜೆಕ್ಷನ್ ಅಲ್ಲ, ಮೈಗೆ ಸಣ್ಣ ಸಣ್ಣ ಸೂಜಿ ಚುಚ್ಚಿ ಇಡೋ ಆಕ್ಯುಪಂಕ್ಚರ್. ನಿದ್ದೆ ವಾಪಸ್ ಬಂತು, ಹೊಟ್ಟೆ ತೊಳಸೋದು ನಿಂತಿತು, ಕತ್ತು ಭುಜದ ನೋವು ಅರ್ಧಕ್ಕರ್ಧ ಇಳೀತು, ಆದ್ರೆ ಯಾವ ಸುಸ್ತಿಗೆ ಅಂತ ಹೋದ್ನೋ ಆ ಸುಸ್ತು ಸೂಜಿಯಿಂದಲೇ ಹೋಯ್ತು ಅಂತ ಎದೆ ಮುಟ್ಟಿಕೊಂಡು ಹೇಳೋಕೆ ನನ್ನ ಕೈಲಿ ಆಗಲ್ಲ. ಊರಿಂದ, ಇಲ್ಲಿಂದ ಎರಡೂ ಕಡೆಯಿಂದ ಜನ ಇದರಿಂದ ಉಪಯೋಗ ಆಯ್ತಾ ಅಂತ ಕೇಳ್ತಾನೇ ಇದ್ದಾರೆ, ಒಬ್ಬೊಬ್ರಿಗೆ ಒಂದೊಂದು ಅರ್ಧ ಕತೆ ಹೇಳೋದಕ್ಕಿಂತ ಪೂರ್ತಿ ಒಂದೇ ಸಲ ಬರೆದುಬಿಡೋಣ ಅನ್ನಿಸ್ತು.

ನನಗೆ ಕೋವಿಡ್ ಆಗಿದ್ದು 2022ರ ಫೆಬ್ರವರಿಯಲ್ಲಿ, ಸಿಂಗಪುರದಲ್ಲಿ ಓಮಿಕ್ರಾನ್ ಮನೆಮನೆಗೂ ನುಗ್ಗಿದ್ದ ಟೈಮು. ನಾಲ್ಕು ದಿನ ಜ್ವರ, ಗಂಟಲು ನೋವು, ಅಷ್ಟೆ, ಆಸ್ಪತ್ರೆ ಮೆಟ್ಟಿಲೂ ಹತ್ತಲಿಲ್ಲ. ಎಲ್ರೂ ಮೈಲ್ಡ್ ಮೈಲ್ಡ್ ಅಂದ್ರು, ನಾನೂ ಹಾಗೇ ಅಂದ್ಕೊಂಡೆ. ಏಪ್ರಿಲ್‌ನಲ್ಲಿ ಯುಗಾದಿ ಬಂತಲ್ಲ, ಹೋಳಿಗೆ ಮಾಡೋಣ ಅಂತ ಒಂದೂವರೆ ಗಂಟೆ ಒಲೆ ಮುಂದೆ ನಿಂತೆ, ಅವತ್ತು ಏನೂ ಆಗ್ಲಿಲ್ಲ, ಮಾರನೇ ದಿನ ಬೆಳಿಗ್ಗೆ ಎದ್ದು ಕೂರೋಕೆ ಆಗ್ಲಿಲ್ಲ, ಕೈಕಾಲಲ್ಲಿ ಸೀಸ ತುಂಬಿದ ಹಾಗೆ, ಎರಡು ದಿನ ಹಾಸಿಗೆ. ಆಮೇಲೆ ಇದೇ ಮಾಮೂಲಾಯ್ತು. ಶನಿವಾರ ಮನೆ ಒರೆಸಿದ್ರೆ ಭಾನುವಾರ ಸೋಮವಾರ ಎರಡೂ ಹೋಯ್ತು ಅಂತ ಲೆಕ್ಕ. ರಾತ್ರಿ ಮೂರು ಗಂಟೆಗೆ ಕಣ್ಣು ಬಿಟ್ರೆ ಮತ್ತೆ ಮುಚ್ಚೋದಿಲ್ಲ. ಒಗ್ಗರಣೆ ವಾಸನೆ ಬಂದ್ರೂ ಹೊಟ್ಟೆ ತೊಳಸೋದು, ಮಿಕ್ಕ ಕೆಲವು ವಾಸನೆ ಮೂಗಿಗೆ ತಟ್ಟೋದೇ ಇಲ್ಲ.

ಜ್ವರ ಹೋದ ಮೇಲೂ ಹೀಗೆ ಎಳೆಯೋದು ಕೋವಿಡ್ಡಿಂದ ಬಂದ ಹೊಸ ವಿಷಯ ಏನಲ್ಲ, ನಮ್ಮ ಊರಿನವರಿಗೆ ಇದು ಚೆನ್ನಾಗೇ ಗೊತ್ತು. 2006ರಲ್ಲಿ ಚಿಕುನ್‌ಗುನ್ಯ ಬಂದಾಗ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಮೇಲೆ ಕೇಸು ಅಂತ ಸರ್ಕಾರದ ಲೆಕ್ಕ, ನಮ್ಮಮ್ಮನಿಗೂ ಬಂದಿತ್ತು, ಜ್ವರ ಒಂದು ವಾರದಲ್ಲಿ ಹೋಯ್ತು, ಆದ್ರೆ ಬೆಳಿಗ್ಗೆ ಎದ್ದಾಗ ಮುಷ್ಟಿ ಮಡಚೋಕೆ ಆಗದೆ ಒಂದು ವರ್ಷ ಒದ್ದಾಡಿದ್ರು, ಹಾಲಿನ ಪಾತ್ರೆ ಎತ್ತೋಕೆ ನನ್ನನ್ನ ಕರೀತಿದ್ರು. ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತ ಅವರೇ ಆಗ ಹೇಳ್ತಿದ್ದಿದ್ದು. ನನ್ನ ವಿಷಯ ಫೋನಲ್ಲಿ ಹೇಳಿದಾಗ ಅಮ್ಮ ಒಬ್ರೇ "ಸೋಮಾರಿತನ ಅಲ್ಲ ಪುಟ್ಟಿ ಅದು, ಜ್ವರದ ಉಳಿಕೆ" ಅಂದಿದ್ದು. ಮಿಕ್ಕ ಎಲ್ರೂ ವಾಕಿಂಗ್ ಮಾಡು, ಮನಸ್ಸು ಗಟ್ಟಿ ಮಾಡ್ಕೋ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್‌ನಲ್ಲೇ ಕೋವಿಡ್ ಆದ ಮೇಲೆ ಉಳಿಯೋ ಈ ತೊಂದರೆಗೆ, ಲಾಂಗ್ ಕೋವಿಡ್ ಅಂತಾರಲ್ಲ, ಅದಕ್ಕೊಂದು ವಿವರಣೆ ಕೊಟ್ಟಿದೆ, ಸೋಂಕು ಶುರುವಾಗಿ ಸುಮಾರು ಮೂರು ತಿಂಗಳಾದ ಮೇಲೂ ಇರೋದು, ಕಮ್ಮಿ ಅಂದ್ರೂ ಎರಡು ತಿಂಗಳು ಎಳೆಯೋದು, ಬೇರೆ ಯಾವ ಕಾಯಿಲೆಯಿಂದಲೂ ವಿವರಿಸೋಕೆ ಆಗದೇ ಇರೋದು.

ಆ ಕೊನೇ ಮಾತು ಮುಖ್ಯ. ಬೇರೆ ಕಾಯಿಲೆ ಇಲ್ಲ ಅಂತ ಗೊತ್ತು ಮಾಡ್ಕೊಳ್ದೆ ಸೂಜಿ, ಪುಡಿ, ಕಷಾಯ ಯಾವುದಕ್ಕೂ ಹೋಗ್ಬೇಡಿ. ನಾನು ಜಿಪಿ, ಅಂದ್ರೆ ಮಾಮೂಲಿ ಕ್ಲಿನಿಕ್ಕಿನ ಡಾಕ್ಟರ್, ಹತ್ರ ಹೋಗಿ ರಕ್ತ, ಥೈರಾಯ್ಡ್, ಶುಗರ್, ಇಸಿಜಿ, ಎದೆ ಎಕ್ಸ್‌ರೇ ಎಲ್ಲ ಮಾಡಿಸ್ದೆ, ಎಲ್ಲ ನಾರ್ಮಲ್, ಹಿಮೋಗ್ಲೋಬಿನ್ನೂ ಪರವಾಗಿಲ್ಲ, ಆದ್ರೆ ಫೆರಿಟಿನ್ ಅಂತ ಒಂದು ಇರುತ್ತಲ್ಲ, ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು, ಅದು ಬರೀ 11. ಜೂನ್ ಮಧ್ಯದಿಂದ ಐರನ್ ಮಾತ್ರೆ ಶುರುವಾಯ್ತು. ಇದನ್ನ ನೆನಪಿಟ್ಕೊಳ್ಳಿ, ಯಾಕಂದ್ರೆ ಮುಂದೆ ಲೆಕ್ಕ ಹಾಕುವಾಗ ಇದೇ ಅಡ್ಡ ಬರುತ್ತೆ.

ಸಿಂಗಪುರದಲ್ಲಿ ಚೀನಾ ವೈದ್ಯ ಅಂದ್ರೆ ಗಲ್ಲಿಯೊಳಗಿನ ನಾಟಿ ಔಷಧಿ ಅಲ್ಲ. ಟಿಸಿಎಂ (ಟ್ರೆಡಿಷನಲ್ ಚೈನೀಸ್ ಮೆಡಿಸಿನ್) ಅಂತಾರೆ, ವೈದ್ಯರಿಗೆ ಹಳಬರು ಸಿನ್ಸೆ ಅಂತಾರೆ, 2000ದಲ್ಲಿ ಇದಕ್ಕೇ ಅಂತ ಕಾಯ್ದೆ ಬಂದು ಬೋರ್ಡ್ ಇದೆ, ರಿಜಿಸ್ಟರ್ ಆಗದೆ ಯಾರೂ ಸೂಜಿ ಹಾಕೋ ಹಾಗಿಲ್ಲ, ಬೋರ್ಡಿನ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಬಹುದು. ನಾನು ಮೊದಲು ಇದನ್ನೆಲ್ಲ ನೋಡದೆ ಒಂದು ಮಾಲ್ ಪಕ್ಕದ ಕ್ಲಿನಿಕ್ಕಿಗೆ ಹೋದೆ, ಹೆಸರು ಬೇಡ. ಮೂರು ನಿಮಿಷ ಮಾತಾಡಿಸಿದ್ರು ಅಷ್ಟೆ, ನಾಲಿಗೆ ನೋಡಿದ್ರು, ಮೈಯಲ್ಲಿ ವಿಷ ಸೇರಿಕೊಂಡಿದೆ ಡಿಟಾಕ್ಸ್ ಮಾಡ್ಬೇಕು ಅಂದ್ರು, 10 ಸಿಟ್ಟಿಂಗಿನ ಪ್ಯಾಕೇಜು 880 ಸಿಂಗಪುರ ಡಾಲರ್, ಇವತ್ತೇ ಕಟ್ಟಿದ್ರೆ ಒಂದು ಫ್ರೀ. ಏನು ವಿಷ, ಯಾವ ಟೆಸ್ಟಲ್ಲಿ ಕಾಣುತ್ತೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಮಾಡದೇ ಇರೋ ಮನುಷ್ಯ ಯಾವ ಕಾಗದಕ್ಕೆ ಬೇಕಾದ್ರೂ ಸೈನ್ ಮಾಡ್ತಾನೆ, ಅದು ಗೊತ್ತಿದ್ದೇ ಹೀಗೆ ಮಾರೋದು ನೋಡಿ ನನಗೆ ಬಹಳ ಬೇಜಾರಾಯ್ತು, ಎದ್ದು ಬಂದೆ.

ಎರಡನೇದು ಆಫೀಸಿನ ಸಹೋದ್ಯೋಗಿ ಹೇಳಿದ್ದು, ಅವರ ತಾಯಿ ಮಂಡಿ ನೋವಿಗೆ ಹೋಗ್ತಿದ್ದ ಜಾಗ. ತೋಆ ಪಾಯೋ ಕಡೆ ಹೆಚ್‌ಡಿಬಿ ಬ್ಲಾಕಿನ, ಅಂದ್ರೆ ಸರ್ಕಾರ ಕಟ್ಟಿಸಿದ ಫ್ಲಾಟುಗಳ ಕಟ್ಟಡದ, ಕೆಳಗೆ ಒಂದು ಸಣ್ಣ ಅಂಗಡಿ ಸಾಲು, ಪಕ್ಕದಲ್ಲಿ ಹಣ್ಣಿನಂಗಡಿ, ಒಳಗೆ ಮೂರು ಹಾಸಿಗೆ, ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರು. ಡಾಕ್ಟರು ಐವತ್ತೈದು ಅರವತ್ತರ ಹೆಂಗಸು, ಇಂಗ್ಲಿಷ್ ನಿಧಾನ ಆದ್ರೆ ಸ್ಪಷ್ಟ. ಮೊದಲ ದಿನ ಮೂವತ್ತೈದು ನಿಮಿಷ ಬರೀ ಕೇಳಿದ್ರು. ನೋಡೋದು, ಕೇಳಿಸ್ಕೊಳ್ಳೋದು, ವಿಚಾರಿಸೋದು, ನಾಡಿ ಮುಟ್ಟೋದು, ಇವು ನಾಲ್ಕು ಅವರ ಪದ್ಧತಿ. ಎರಡೂ ಮಣಿಕಟ್ಟಲ್ಲಿ ಮೂರು ಮೂರು ಬೆರಳಿಟ್ಟು ಕಣ್ಣು ಮುಚ್ಕೊಂಡು ನಾಡಿ ನೋಡಿದ್ರು, ನಮ್ಮ ಊರಿನ ಪಂಡಿತರು ನೋಡ್ತಿದ್ರಲ್ಲ ಹಾಗೇ. ನಾಲಿಗೆ ಚಾಚೋಕೆ ಹೇಳಿ ಅಂಚಿನಲ್ಲಿ ಹಲ್ಲಿನ ಗುರುತು ಇರೋದನ್ನ ಕನ್ನಡಿಯಲ್ಲಿ ನನಗೇ ತೋರಿಸಿದ್ರು. ಬೆವರು ಯಾವಾಗ ಬರುತ್ತೆ, ಬಾಯಾರಿಕೆಗೆ ಬಿಸಿನೀರು ಬೇಕನ್ಸುತ್ತಾ ತಣ್ಣೀರಾ, ಕೆಲಸ ಮಾಡಿದ ದಿನವೇ ಸುಸ್ತಾ ಮಾರನೇ ದಿನವಾ, ಮುಟ್ಟು ಹೇಗಿದೆ, ಏನೇನು ಮಾತ್ರೆ ತಗೋತೀರಿ, ಜಿಪಿ ರಿಪೋರ್ಟ್ ಎಲ್ಲಿ. ರಿಪೋರ್ಟ್ ಕೇಳಿದ್ದು ನೋಡಿ ನನಗೆ ಅರ್ಧ ನಂಬಿಕೆ ಬಂತು. ಐರನ್ ಮಾತ್ರೆ ಖಂಡಿತ ನಿಲ್ಲಿಸ್ಬೇಡಿ, ನನ್ನ ಪುಡಿಗೂ ಅದಕ್ಕೂ ಎರಡು ಗಂಟೆ ಗ್ಯಾಪ್ ಕೊಡಿ ಅಂದ್ರು.

ಅವರ ವಿವರಣೆ ಏನು ಅಂದ್ರೆ, ಹೊರಗಿಂದ ಬಂದಿದ್ದು ಹೋಗಿದೆ, ಆದ್ರೆ ಅದನ್ನ ಓಡಿಸೋದ್ರಲ್ಲಿ ಮೈಯಲ್ಲಿದ್ದ ಚಿ, ಅಂದ್ರೆ ಅವರ ಲೆಕ್ಕದಲ್ಲಿ ಜೀವಶಕ್ತಿ, ಖರ್ಚಾಗಿದೆ, ಹೊಟ್ಟೆ ಮತ್ತೆ ಶ್ವಾಸದ ಕಡೆ ಬಲ ಇಲ್ಲ, ಹಾಗಾಗಿ ತಿಂದಿದ್ದು ಶಕ್ತಿಯಾಗ್ತಿಲ್ಲ. ಚಿ ಅನ್ನೋದನ್ನ ಯಾವ ಮೆಷಿನ್ನೂ ಅಳೆದಿಲ್ಲ, ನಾನು ಅದನ್ನ ವಿಜ್ಞಾನ ಅಂತ ಒಪ್ಕೊಂಡು ಮಲಗಿದ್ದಲ್ಲ. ಆದ್ರೆ ಉಷ್ಣ, ಶೀತ, ವಾತ ಕೇಳ್ಕೊಂಡು ಬೆಳೆದ ನಮಗೆ ಈ ಭಾಷೆ ಅಪರಿಚಿತ ಅನ್ನಿಸಲ್ಲ. ಇಲ್ಲಿನ ಚೀನೀಯರೂ ಹಲಸು, ದುರಿಯನ್ ತಿಂದ್ರೆ ಹೀಟು ಅಂತಾರೆ. ಪಥ್ಯನೂ ಅಷ್ಟೇ, ಐಸ್ ನೀರು ಬೇಡ, ಹಸಿ ಸಲಾಡ್ ಬೇಡ, ರಾತ್ರಿ ಹೊತ್ತು ಮೊಸರು ಬೇಡ, ಗಂಜಿ ಕುಡೀರಿ ಅಂದಾಗ ನಮ್ಮಜ್ಜಿಯೇ ಎದುರಿಗೆ ಕೂತ ಹಾಗಾಯ್ತು.

ಸೂಜಿ ಬಗ್ಗೆ ಎಲ್ರೂ ಕೇಳೋದು ನೋವಾಗುತ್ತಾ ಅಂತ. ಸೂಜಿಯ ದಪ್ಪ 0.25 ಮಿಲಿಮೀಟರ್, ರಕ್ತ ತೆಗೆಯೋ ಸೂಜಿ 0.7, 0.8 ಇರುತ್ತೆ, ಅದರ ಮೂರನೇ ಒಂದು ಭಾಗ. ಎದುರಿಗೇ ಪ್ಯಾಕೆಟ್ ಹರಿದು ತೆಗೀತಾರೆ, ಮುಗಿದ ಮೇಲೆ ಹಳದಿ ಡಬ್ಬಿಗೆ ಹಾಕ್ತಾರೆ, ಇದನ್ನ ಕಣ್ಣಾರೆ ನೋಡಿ. ಚುಚ್ಚುವಾಗ ಇರುವೆ ಕಚ್ಚಿದಷ್ಟೂ ಇಲ್ಲ, ಆಮೇಲೆ ಅವರು ಸ್ವಲ್ಪ ತಿರುಗಿಸ್ತಾರೆ, ಆಗ ಒಳಗೆ ಒಂಥರಾ ಜಗ್ಗಿದ ಹಾಗೆ, ಜೋಮು ಹಿಡಿದ ಹಾಗೆ, ಭಾರ ಆದ ಹಾಗೆ ಆಗುತ್ತೆ, ಅದು ಬರಬೇಕು ಅಂತ ಅವರು, ಬಂತಾ ಬಂತಾ ಅಂತ ಕೇಳ್ತಾರೆ. ಮಂಡಿ ಕೆಳಗೆ ನಾಲ್ಕು ಬೆರಳು ಅಗಲ ಬಿಟ್ಟು ಹೊರಗಡೆ ಒಂದು ಜಾಗ, ಚುಸಾನ್‌ಲಿ ಅಂತಾರೆ, ಪ್ರತಿ ಸಲ ಅಲ್ಲಿ ಹಾಕಿದ್ರು, ಮಣಿಕಟ್ಟಿನ ಒಳಬದಿ ಒಂದು, ಹೆಬ್ಬೆರಳು ತೋರುಬೆರಳ ಮಧ್ಯ ಒಂದು, ನೆತ್ತಿ ಮೇಲೊಂದು, ಕಾಲಿನ ಒಳ ಹಿಮ್ಮಡಿ ಗಂಟಿನ ಹತ್ರ ಎರಡು. ಒಟ್ಟು ಹನ್ನೆರಡರಿಂದ ಹದಿನಾರು ಸೂಜಿ, ಇಪ್ಪತ್ತೈದು ನಿಮಿಷ, ದೀಪ ಆರಿಸಿ ಹೋಗ್ತಾರೆ, ಕೈಗೊಂದು ಬೆಲ್ಲು ಕೊಟ್ಟಿರ್ತಾರೆ. ಬೆನ್ನಿನ ಮೇಲ್ಭಾಗದಲ್ಲಿ ಹಾಕುವಾಗ ಮಾತ್ರ ತುಂಬ ಓರೆಯಾಗಿ, ಮೇಲುಮೇಲಕ್ಕೆ ಹಾಕ್ತಿದ್ರು, ಯಾಕಂದ್ರೆ ಅಲ್ಲಿ ಆಳಕ್ಕೆ ಹೋದ್ರೆ ಶ್ವಾಸಕೋಶಕ್ಕೆ ತಗುಲೋ ಅಪಾಯ ಇದೆ, ತೆಳ್ಳಗಿರೋರಿಗೆ ಇನ್ನೂ ಜಾಸ್ತಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಬಸುರಿಯರು ಮೊದಲೇ ಹೇಳ್ಬೇಕು.

ಮೊದಲ ದಿನ ನಾನು ಒಂದು ತಪ್ಪು ಮಾಡ್ದೆ, ಆಫೀಸಿಂದ ಸೀದಾ, ಮಧ್ಯಾಹ್ನ ಊಟ ಬಿಟ್ಟು ಹೋಗಿದ್ದೆ. ಐದನೇ ಸೂಜಿಗೆ ಕಣ್ಣು ಕತ್ತಲೆ, ತಣ್ಣನೆ ಬೆವರು, ಕಿವಿ ಗುಂಯ್ ಅಂತು. ಅವರು ತಕ್ಷಣ ಎಲ್ಲ ಸೂಜಿ ತೆಗೆದು, ಕಾಲು ಎತ್ತಿಟ್ಟು, ಬಿಸಿ ಸಕ್ಕರೆ ನೀರು ಕುಡಿಸಿ, ಅರ್ಧ ಗಂಟೆ ಮಲಗಿಸಿ, ಅವತ್ತಿನ ಸೂಜಿ ಫೀಸು ತಗೊಳ್ಳಲಿಲ್ಲ. ಹಸಿದ ಹೊಟ್ಟೆಯಲ್ಲಿ ದಯವಿಟ್ಟು ಹೋಗ್ಬೇಡಿ, ಒಂದು ಬಾಳೆಹಣ್ಣಾದ್ರೂ ತಿನ್ನಿ.

ಕೆಲವು ದಿನ ಸೂಜಿ ಜೊತೆಗೆ ಒಂದು ಸೊಪ್ಪನ್ನ ಒಣಗಿಸಿ ಸುತ್ತಿದ ಬತ್ತಿ ಹಚ್ಚಿ ಮಂಡಿ ಹತ್ರ, ಹೊಕ್ಕುಳ ಹತ್ರ ಕಾವು ಕೊಡ್ತಿದ್ರು. ಅದು ನಾವು ಹೂವಿನ ಮಾಲೆಗೆ ಸೇರಿಸ್ತೀವಲ್ಲ ಮಾಚಿಪತ್ರೆ, ಅದೇ ಜಾತಿಯ ಗಿಡ. ಮೊದಮೊದಲು ರೂಮು ತುಂಬ ಹೊಗೆ ಇದ್ರೂ ನನಗೆ ವಾಸನೆ ಗೊತ್ತಾಗ್ತಿರ್ಲಿಲ್ಲ, ಎಂಟನೇ ಸಲ ಒಳಗೆ ಕಾಲಿಟ್ಟ ತಕ್ಷಣ ಘಾಟು ಮೂಗಿಗೆ ಹೊಡೀತು, ಅಲ್ಲೇ ಬಾಗಿಲಲ್ಲಿ ನಿಂತು ಕಣ್ಣಲ್ಲಿ ನೀರು ಬಂದಿದ್ದು ಹೊಗೆಗಷ್ಟೇ ಅಲ್ಲ. ಆದ್ರೆ ಆ ಎರಡು ತಿಂಗಳು ಮನೆಯಲ್ಲಿ ದಿನಾ ಎರಡು ಹೊತ್ತು ಲವಂಗ, ನಿಂಬೆ ಸಿಪ್ಪೆ, ನೀಲಗಿರಿ ಎಣ್ಣೆ, ಗುಲಾಬಿ ಮೂಸಿ ಮೂಸಿ ಅಭ್ಯಾಸನೂ ಮಾಡ್ತಿದ್ದೆ, ಇಎನ್‌ಟಿ ಡಾಕ್ಟರುಗಳು ಹೇಳೋದು ಅದನ್ನೇ, ಹಾಗಾಗಿ ಇದರ ಕ್ರೆಡಿಟ್ ಸೂಜಿಗೆ ಕೊಡಲ್ಲ.

ಇನ್ನು ಪುಡಿ. ಈಗ ಮಡಕೆಯಲ್ಲಿ ಕುದಿಸೋದು ಕಮ್ಮಿ, ಬೇರು ತೊಗಟೆಗಳ ಸಾರ ತೆಗೆದು ಒಣಗಿಸಿದ ಪುಡಿನ ತೂಕ ಮಾಡಿ ಮಿಕ್ಸ್ ಮಾಡಿ ಸಣ್ಣ ಸಣ್ಣ ಪಾಕೆಟ್ ಮಾಡಿ ಕೊಡ್ತಾರೆ, ಊಟ ಆಗಿ ಅರ್ಧ ಗಂಟೆಗೆ ಬಿಸಿನೀರಲ್ಲಿ ಕಲಸಿ ಕುಡೀಬೇಕು. ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ಬಾಯಲ್ಲಿ ಕಿತ್ತಳೆ ಸಿಪ್ಪೆ ರುಚಿ. ನಾವು ಸಸ್ಯಾಹಾರಿಗಳು, ಇದನ್ನ ಕೇಳಲೇಬೇಕು, ಯಾಕಂದ್ರೆ ಚೀನಾ ಔಷಧಿಯಲ್ಲಿ ಕತ್ತೆ ಚರ್ಮದ ಅಂಟು, ಎರೆಹುಳು, ಜೀರುಂಡೆ ಬಿಟ್ಟ ಪೊರೆ ಇವೆಲ್ಲ ಬಳಸೋದುಂಟು. ನಾನು ಕೇಳಿದ್ದಕ್ಕೆ ಅವರು ಮುಖ ಸಿಂಡರಿಸಲಿಲ್ಲ, ಬೌದ್ಧ ಸಸ್ಯಾಹಾರಿಗಳು ತುಂಬ ಜನ ಬರ್ತಾರೆ ಅಂತ ಹೇಳಿ ಪಟ್ಟಿ ಬರೆದೇ ಕೊಟ್ರು: ಹುವಾಂಗ್‌ಚಿ ಬೇರು, ಬಾಯ್‌ಜೂ, ಡಾಂಗ್‌ಶೆನ್, ಡಾಂಗ್‌ಗುಯ್, ಒಣಗಿದ ಕಿತ್ತಳೆ ಸಿಪ್ಪೆ, ಅತಿಮಧುರ, ಇನ್ನೆರಡು ಬೇರು. ಎಲ್ಲ ಗಿಡದ್ದೇ. ಈ ಎಂಟರ ಯೋಗ ಲೀ ಡಾಂಗ್‌ಯುವಾನ್ ಅನ್ನೋ 13ನೇ ಶತಮಾನದ ವೈದ್ಯನದ್ದಂತೆ, 1232ರಲ್ಲಿ ಕೈಫೆಂಗ್ ಊರಿಗೆ ಮಂಗೋಲರ ಮುತ್ತಿಗೆ ಬಿದ್ದಾಗ ಹಸಿವು, ದಣಿವು, ಭಯದಿಂದ ಜನ ಸೊರಗಿ ಸಾಯೋದನ್ನ ನೋಡಿದವನು, ಹೊರಗಿನ ಜ್ವರಕ್ಕೂ ಒಳಗಿನ ಬಳಲಿಕೆಯ ಜ್ವರಕ್ಕೂ ಚಿಕಿತ್ಸೆ ಒಂದೇ ಆಗ್ಬಾರದು ಅಂದವನು. ಅದನ್ನ ಕೇಳಿದ ಮೇಲೆ ಆ ಪುಡಿ ಕುಡಿಯುವಾಗ ನನಗೆ ಒಂಥರಾ ಗೌರವ ಬರ್ತಿತ್ತು. ಆದ್ರೆ ಗೌರವ ಬೇರೆ, ಗುಣ ಬೇರೆ. ಆರು ವಾರ ಕುಡಿದೆ, ಹಸಿವು ಸ್ವಲ್ಪ ಚೆನ್ನಾಯ್ತು, ಅದಕ್ಕಿಂತ ಜಾಸ್ತಿ ಏನೂ ಕಾಣಲಿಲ್ಲ.

ಮೂರನೇ ವಾರ ಇನ್ನೊಂದು ಆಯ್ತು. ಮನೆಯಲ್ಲಿ ಅಪ್ಪನಿಗೆ ಅಂತ ತಂದ ಬಿಪಿ ಮೆಷಿನ್ ಇತ್ತು, ಸುಮ್ನೆ ನೋಡಿದ್ರೆ ಯಾವಾಗ್ಲೂ 118, 120 ಇರೋ ನನಗೆ 138. ಮೂರು ದಿನ ಅಷ್ಟೇ. ಅತಿಮಧುರ ದಿನಾ ತಗೊಂಡ್ರೆ ಪೊಟ್ಯಾಸಿಯಂ ಇಳಿದು ಬಿಪಿ ಏರಬಹುದು, ಇದು ಚೀನಾ ಔಷಧಿ ಅಂತಲ್ಲ, ನಮ್ಮ ಮನೆಯ ಕೆಮ್ಮಿನ ಕಷಾಯಕ್ಕೂ ಅನ್ವಯ. ಹೋಗಿ ಹೇಳಿದೆ, ಅವರು ವಾದ ಮಾಡದೆ ಅತಿಮಧುರ ತೆಗೆದು ಪುಡಿ ಬದಲಾಯಿಸಿದ್ರು, ಹತ್ತು ದಿನದಲ್ಲಿ 122ಕ್ಕೆ ಬಂತು. ಬಿಪಿ ಮಾತ್ರೆ, ಹೃದಯದ ಮಾತ್ರೆ ತಗೊಳ್ಳೋರು ಈ ಪುಡಿಗಳನ್ನ ಹಗುರವಾಗಿ ತಗೋಬೇಡಿ, ಗಿಡದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಅರಿಸ್ಟೊಲೋಕಿಯ ಅನ್ನೋ ಜಾತಿಯ ಗಿಡಗಳು ಕಿಡ್ನಿಯನ್ನೇ ಹಾಳು ಮಾಡಿದ ಚರಿತ್ರೆ ಇದೆ. ಅದಕ್ಕೇ ಚೀಟಿ ಇಲ್ಲದ, ಪದಾರ್ಥದ ಹೆಸರಿಲ್ಲದ ಪುಡಿ ಯಾರೇ ಕೊಟ್ರೂ ಬೇಡ. ಕೋವಿಡ್ ಟೈಮಲ್ಲಿ ಇಲ್ಲಿ ಎಷ್ಟೋ ಜನರ ಮನೆಯಲ್ಲಿದ್ದ ಚೀನಾ ಔಷಧಿ ಲಿಯಾನ್‌ಹುವಾ ಚಿಂಗ್‌ವೆನ್ ಮಾತ್ರೆಗೂ ಇಲ್ಲಿನ ಆರೋಗ್ಯ ಪ್ರಾಧಿಕಾರ ಅನುಮತಿ ಕೊಟ್ಟಿದ್ದು ನೆಗಡಿ ಫ್ಲೂ ಲಕ್ಷಣಕ್ಕೆ ಮಾತ್ರ, ಕೋವಿಡ್‌ಗೆ ಅಲ್ಲ.

ಲೆಕ್ಕಕ್ಕೆ ಬರೋಣ. ನಾನು ಶುರುವಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೆ, ಎಷ್ಟು ಗಂಟೆ ನಿದ್ದೆ, ಸುಸ್ತು ಹತ್ತಕ್ಕೆ ಎಷ್ಟು. ಜುಲೈ ಎರಡನೇ ವಾರ ಶುರು, ಅರ್ಧಕ್ಕೇ ನಿಂತ ಮೊದಲ ದಿನ ಲೆಕ್ಕಕ್ಕೆ ಹಿಡೀದೆ ಮೊದಲ ನಾಲ್ಕು ವಾರ ವಾರಕ್ಕೆರಡು, ಆಮೇಲೆ ನಾಲ್ಕು ವಾರ ಒಂದೊಂದು. ಮುಂಚೆ ನಿದ್ದೆ ನಾಲ್ಕೂವರೆ ಗಂಟೆ. ಸೂಜಿ ಹಾಕಿಸಿದ ರಾತ್ರಿ ಮಾತ್ರ ಆರು ಏಳು ಗಂಟೆ ಗಾಢ ನಿದ್ದೆ, ಮೂರನೇ ದಿನಕ್ಕೆ ಮತ್ತೆ ಹಳೇ ಕತೆ, ಹೀಗೇ ಮೂರು ವಾರ. ನಾಲ್ಕನೇ ವಾರದಿಂದ ಸೂಜಿ ಇಲ್ಲದ ದಿನವೂ ಆರೂವರೆ ಬರೋಕೆ ಶುರುವಾಯ್ತು. ಹೊಟ್ಟೆ ತೊಳಸೋದು ಎರಡನೇ ವಾರಕ್ಕೇ ಕಮ್ಮಿಯಾಯ್ತು, ಮಣಿಕಟ್ಟಿನ ಒಳಗಿನ ಆ ಜಾಗಕ್ಕೆ ವಾಕರಿಕೆ ವಿಷಯದಲ್ಲಿ ಪುರಾವೆ ಸಾಕಷ್ಟು ಚೆನ್ನಾಗೇ ಇದೆ, ಆಪರೇಷನ್ ಆದ ಮೇಲಿನ, ಕಿಮೋ ಆದ ಮೇಲಿನ ವಾಂತಿಗೆ ಆಕ್ಯುಪಂಕ್ಚರ್ ಉಪಯೋಗ ಆಗುತ್ತೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಹೆಚ್ ಕೂಡಿಸಿದ ತಜ್ಞರ ಸಮಿತಿ 1997ರಲ್ಲೇ ಹೇಳಿತ್ತು. ಸುಸ್ತು? ಜುಲೈನಲ್ಲಿ ಹತ್ತಕ್ಕೆ ಏಳು, ಸೆಪ್ಟೆಂಬರ್ ಮೊದಲ ವಾರ ಸೂಜಿ ಮುಗಿದಾಗ ಆರು. ನಿಜವಾಗ್ಲೂ ಇಳಿದಿದ್ದು ಅಕ್ಟೋಬರ್ ನವೆಂಬರಲ್ಲಿ, ಅಷ್ಟೊತ್ತಿಗೆ ಫೆರಿಟಿನ್ 11ರಿಂದ 48ಕ್ಕೆ ಏರಿತ್ತು, ಕಾಯಿಲೆಗೂ ಎಂಟು ತಿಂಗಳು ಆಗಿತ್ತು. ಕಬ್ಬಿಣವಾ, ಕಾಲವಾ, ನಿದ್ದೆಯಾ, ಸೂಜಿಯಾ, ಒಬ್ಬಳ ಮೈಯಲ್ಲಿ ಇದನ್ನ ಬಿಡಿಸಿ ನೋಡೋಕೆ ಆಗಲ್ಲ. ಅದಕ್ಕೇ ಸಂಶೋಧನೆಯಲ್ಲಿ ಚರ್ಮದೊಳಕ್ಕೆ ಹೋಗದ ಸುಳ್ಳು ಸೂಜಿ ಬಳಸಿ ಹೋಲಿಸ್ತಾರೆ, ಎಷ್ಟೋ ಸಲ ಸುಳ್ಳು ಸೂಜಿಗೂ ನಿಜದ ಸೂಜಿಗೂ ಅಂತರ ತುಂಬ ಕಮ್ಮಿ ಬಂದಿದೆ.

ಆದ್ರೆ ನಾನು ಆ ಡಾಕ್ಟರಮ್ಮನಿಗೆ ಯಾವತ್ತೂ ಋಣಿ, ಸೂಜಿಗಿಂತ ಜಾಸ್ತಿ ಅವರು ಹೇಳಿದ ಒಂದು ಮಾತಿಗೆ. ಎರಡನೇ ದಿನ ನಾನು ಹೆಮ್ಮೆಯಿಂದ, ನಿನ್ನೆ ಸ್ವಲ್ಪ ಚೆನ್ನಾಗಿತ್ತು, ಮೂರು ಕಿಲೋಮೀಟರ್ ನಡೆದೆ ಅಂದೆ. ಅವರು ಪೆನ್ನು ಕೆಳಗಿಟ್ಟು, ನಿಮ್ಮ ಹತ್ರ ಹತ್ತು ಡಾಲರ್ ಇದ್ರೆ ಆರು ಖರ್ಚು ಮಾಡಿ, ನಾಲ್ಕು ಇಟ್ಕೊಳ್ಳಿ, ನೀವು ದಿನಾ ಹನ್ನೆರಡು ಖರ್ಚು ಮಾಡಿ ಬಂದು ನನ್ನ ಹತ್ರ ಸೂಜಿ ಕೇಳ್ತೀರಿ ಅಂದ್ರು. ಆರು ತಿಂಗಳಲ್ಲಿ ಯಾರೂ ನನಗೆ ವಿಶ್ರಾಂತಿ ತಗೊಳ್ಳೋಕೆ ಹಕ್ಕಿದೆ ಅಂತ ಹೇಳಿರ್ಲಿಲ್ಲ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಮಾರ್ಗಸೂಚಿ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ ಕೂಡ 2021ರಲ್ಲಿ ಇಂಥದೇ ದೀರ್ಘ ಬಳಲಿಕೆಯ ಕಾಯಿಲೆಗೆ ದಿನದಿಂದ ದಿನಕ್ಕೆ ವ್ಯಾಯಾಮ ಏರಿಸ್ತಾ ಹೋಗೋ ಚಿಕಿತ್ಸೆನ ಕೈಬಿಡ್ತು, ಮೈ ತಡೆಯೋ ಮಿತಿಯೊಳಗೆ ಇರಿ ಅಂತು. ಅವತ್ತಿಂದ ನಾನು ತರಕಾರಿ ಕೂತು ಹೆಚ್ಚಿದೆ, ಬಟ್ಟೆ ಒಂದು ದಿನ, ನೆಲ ಇನ್ನೊಂದು ದಿನ, ಮಧ್ಯ ಮಧ್ಯ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗೋದು, ಫೋನೂ ಇಲ್ಲ. ಹಾಸಿಗೆ ಹಿಡಿಯೋ ದಿನಗಳು ತಿಂಗಳಿಗೆ ಎಂಟು ಒಂಬತ್ತು ಇದ್ದಿದ್ದು ಆಗಸ್ಟಲ್ಲಿ ಮೂರಾಯ್ತು, ನೋಟ್‌ಬುಕ್ಕಲ್ಲಿ ಇದೆ. ಮನೆಯವರಿಗೂ ಮಕ್ಕಳಿಗೂ ಡಾಕ್ಟರ್ ಹೇಳಿದ್ದಾರೆ ಅಂದ್ರೆ ಒಂದು ತೂಕ, ನಾವೇ ಹೇಳಿದ್ರೆ ಯಾರು ಕೇಳ್ತಾರೆ.

ದುಡ್ಡು: ಮೊದಲ ಕನ್ಸಲ್ಟೇಷನ್ 30 ಡಾಲರ್, ಸೂಜಿ ಒಂದ್ಸಲಕ್ಕೆ 70, ಪುಡಿ ವಾರಕ್ಕೆ 56. ದುಡ್ಡು ಕೊಟ್ಟ 12 ಸಲ ಮತ್ತೆ ಆರು ವಾರದ ಪುಡಿ ಸೇರಿ 1206 ಡಾಲರ್ ಆಯ್ತು, ಕಮ್ಮಿ ಅಲ್ಲ. ಮೆಡಿಸೇವ್, ಅಂದ್ರೆ ವೈದ್ಯಕೀಯ ಖರ್ಚಿಗೆ ಅಂತ ಇಲ್ಲಿ ಸಂಬಳದಲ್ಲಿ ಹಿಡಿದಿಡೋ ದುಡ್ಡು, ಇದಕ್ಕೆ ಬಳಸೋಕೆ ಆಗ್ಲಿಲ್ಲ, ಇವರು ಕೊಡೋ ಎಂಸಿನ (ಮೆಡಿಕಲ್ ಸರ್ಟಿಫಿಕೇಟು) ಆಫೀಸು ಒಪ್ಪಲೇಬೇಕು ಅಂತ ಕಾನೂನೂ ಇಲ್ಲ, ರಜೆಗೆ ಜಿಪಿ ಹತ್ರನೇ ಹೋಗ್ಬೇಕು. ಕೈಯಲ್ಲಿ ಅಷ್ಟು ಇಲ್ಲದೋರಿಗೆ ಚಿನ್ ಸ್ವೀ ರಸ್ತೆಯಲ್ಲಿ ಥಾಂಗ್ ಚಾಯ್ ಅಂತ ಧರ್ಮಸಂಸ್ಥೆ ಇದೆ, 1867ರಿಂದ ಜಾತಿ ಮತ ಜನಾಂಗ ನೋಡದೆ ಬಡವರಿಗೆ ಚೀನಾ ವೈದ್ಯ ಕೊಡ್ತಾ ಬಂದಿರೋದು. ಮತ್ತೆ ಮಾಡಿದ್ರೆ ನಾನು ಪುಡಿ ಬಿಟ್ಟು ಬರೀ ಸೂಜಿ ತಗೋತೀನಿ, ಆರು ಸಲ ಅಂತ ಮೊದಲೇ ಮಿತಿ ಹಾಕ್ಕೊಂಡು, ನಿದ್ದೆಯಲ್ಲಿ ವ್ಯತ್ಯಾಸ ಕಾಣದಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಸೂಜಿಗೆ ಐದಕ್ಕೆ ನಾಲ್ಕು, ಪುಡಿಗೆ ಎರಡು, ಆ ಡಾಕ್ಟರಮ್ಮ ಕೇಳಿಸ್ಕೊಂಡ ರೀತಿಗೆ ಪೂರ್ತಿ ಐದು.

ಊರಲ್ಲಿರೋರಿಗೆ ಒಂದು ಮಾತು. ಆಕ್ಯುಪಂಕ್ಚರನ್ನ ಚಿಕಿತ್ಸಾ ವಿಧಾನ ಅಂತ ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲೇ ಒಪ್ಕೊಂಡಿದೆ, ನಮ್ಮಲ್ಲಿ ಬಿಎನ್‌ವೈಎಸ್ ಓದೋ ಪ್ರಕೃತಿ ಚಿಕಿತ್ಸೆ ಡಾಕ್ಟರುಗಳಿಗೆ ಅದು ಪಾಠದಲ್ಲೇ ಇದೆ, ಹಾಗಾಗಿ ಎರಡು ವಾರದ ಕೋರ್ಸ್ ಮಾಡಿ ಬೋರ್ಡ್ ಹಾಕಿದೋರಿಗಿಂತ ಅಂಥವರನ್ನ ಹುಡುಕಿ, ಏನು ಓದಿದ್ದೀರಿ ಅಂತ ಕೇಳೋಕೆ ಸಂಕೋಚ ಬೇಡ. ಎದೆ ನೋವು, ಎದ್ದು ನಿಂತ್ರೆ ಎದೆ ಡವಗುಟ್ಟೋದು, ತೂಕ ಇಳಿಯೋದು, ರಾತ್ರಿ ಜ್ವರ ಇದ್ರೆ ಸೂಜಿ ಆಮೇಲೆ, ಮೊದಲು ಫಿಸಿಶಿಯನ್. ಯಾರಾದ್ರೂ ನಿಮ್ಮ ಮಾತ್ರೆ ನಿಲ್ಲಿಸಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ನಾನೀಗ ವಾರಪೂರ್ತಿ ಕೆಲಸ ಮಾಡ್ತಿದ್ದೀನಿ, ಮಧ್ಯಾಹ್ನದ ಇಪ್ಪತ್ತು ನಿಮಿಷ ಮಾತ್ರ ಬಿಟ್ಟಿಲ್ಲ. ನಿದ್ದೆ ಕೆಟ್ಟ ವಾರ ಇದ್ರೆ ತೋಆ ಪಾಯೋಗೆ ಹೋಗಿ ಒಂದು ಸಿಟ್ಟಿಂಗ್ ತಗೊಂಡು ಬರ್ತೀನಿ, ಹೋಗೋ ಮುಂಚೆ ಪಕ್ಕದ ಅಂಗಡಿಯಲ್ಲಿ ಎರಡು ಬಾಳೆಹಣ್ಣು ತಿಂದು. ಸಂಜೆ ಆರರ ಮೇಲೆ ರಶ್ಶು, ಶನಿವಾರ ಬೆಳಿಗ್ಗೆ ಒಂಬತ್ತೂವರೆ ಒಳಗೆ ಹೋದ್ರೆ ಕಾಯೋದಿರಲ್ಲ.